ಇನ್‌ಸ್ಪೆಕ್ಷನ್ ರಿಪೋರ್ಟ್‌ನಲ್ಲಿ ‘ಓಕೆ’ ಬರೆಯುವ ಮುನ್ನ: ವ್ಯವಹಾರ ನೀತಿಯ ಸಿದ್ಧಾಂತಗಳು ಎಲ್ಲಿ ಕೆಲಸಕ್ಕೆ ಬರುತ್ತವೆ?

ಪ್ರಶ್ನೆ: ಬಿ.ಕಾಂ.ನಲ್ಲಿ ವ್ಯವಹಾರ ನೀತಿಶಾಸ್ತ್ರ ನಮಗೊಂದು ವಿಷಯವಾಗಿತ್ತು. ಉಪಯುಕ್ತತಾವಾದ, ಕಾಂಟ್‌ನ ಕರ್ತವ್ಯ ಸಿದ್ಧಾಂತ, ಸ್ಟೇಕ್‌ಹೋಲ್ಡರ್ ಸಿದ್ಧಾಂತ ಎಲ್ಲವನ್ನೂ ಬಾಯಿಪಾಠ ಮಾಡಿ ಪಾಸಾದೆ. ಈಗ ಬೆಳಗಾವಿಯ ಉದ್ಯಮಬಾಗದಲ್ಲಿ ಅಪ್ಪನ ಮಷಿನ್ ಶಾಪ್ ನೋಡಿಕೊಳ್ಳುತ್ತಿದ್ದೇನೆ. ಕಳೆದ ವಾರ 2,000 ಸ್ಟೀಲ್ ಬುಷ್‌ಗಳ (ಶಾಫ್ಟ್ ತಿರುಗುವ ಕೊಳವೆಯಂಥ ಬಿಡಿಭಾಗ) ಲಾಟ್‌ನಲ್ಲಿ 20 ಪೀಸ್ ಅಳೆದಾಗ ಮೂರರ ಬೋರ್, ಅಂದರೆ ಒಳವ್ಯಾಸ, 20.026 ಮಿ.ಮೀ. ಬಂತು. ಡ್ರಾಯಿಂಗ್ ಪ್ರಕಾರ 20 ಮಿ.ಮೀ. ಎಚ್7, ಅಂದರೆ 20.021 ದಾಟಬಾರದು; ಐದು ಮೈಕ್ರಾನ್ (0.005 ಮಿ.ಮೀ.) ಹೆಚ್ಚಾಗಿದೆ. ‘ಐದು ಮೈಕ್ರಾನ್ ತಾನೇ, ರಿಪೋರ್ಟ್‌ನಲ್ಲಿ ಓಕೆ ಬರೆದು ಕಳಿಸೋಣ, ಎಲ್ಲರೂ ಮಾಡೋದೇ ಹೀಗೆ’ ಎಂದರು ಸೂಪರ್‌ವೈಸರ್. ಲಾಟ್ ಇನ್ನೂ ನಮ್ಮಲ್ಲೇ ಇದೆ. ಇದರ ಜೊತೆಗೆ, ದೊಡ್ಡ ಗಿರಾಕಿ ನಮಗೆ 90 ದಿನಕ್ಕೆ ಹಣ ಕೊಡುವುದರಿಂದ ನಾವೂ ಹೀಟ್ ಟ್ರೀಟ್‌ಮೆಂಟ್ ಮಾಡುವ ಜಾಬ್‌ವರ್ಕ್‌ನವರಿಗೆ 90 ದಿನ ಕಾಯಿಸುತ್ತೇವೆ. ಸಿದ್ಧಾಂತಗಳು ಒಂದಕ್ಕೊಂದು ವಿರುದ್ಧ ಹೇಳುತ್ತವಲ್ಲ, ಯಾವುದನ್ನು ಹಿಡಿಯಬೇಕು? ಕಾನೂನು ಪಾಲಿಸಿದರೆ ಸಾಲದೇ?

ಉತ್ತರ: ಲಾಟ್ ಇನ್ನೂ ನಿಮ್ಮಲ್ಲೇ ಇರುವುದು ಒಳ್ಳೆಯದಾಯಿತು. ಸಿದ್ಧಾಂತಗಳನ್ನು ಗಾಳಿಯಲ್ಲಿ ಚರ್ಚಿಸದೆ ಈ 2,000 ಬುಷ್‌ಗಳ ಮೇಲೆಯೇ ಪರೀಕ್ಷಿಸಿ ನೋಡಬಹುದು.

ಕಾಲೇಜಿನಲ್ಲಿ ಈ ಸಿದ್ಧಾಂತಗಳನ್ನು ಒಂದರ ಎದುರು ಇನ್ನೊಂದನ್ನು ನಿಲ್ಲಿಸಿ ಕಲಿಸುತ್ತಾರೆ. ‘ವ್ಯತ್ಯಾಸ ತಿಳಿಸಿ’ ಎಂದು ಐದು ಅಂಕದ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಯಾವುದಾದರೂ ಒಂದು ಪಕ್ಷ ಸೇರಲೇಬೇಕು ಎಂಬ ಭಾವನೆ ಉಳಿದುಬಿಡುತ್ತದೆ. ಕೆಲಸದ ಜಾಗದಲ್ಲಿ ಅದು ಬೇಕಿಲ್ಲ. ಒಂದೊಂದು ಸಿದ್ಧಾಂತವೂ ಒಂದೊಂದು ಪ್ರಶ್ನೆ ಕೇಳುತ್ತದೆ, ಒಂದೊಂದೂ ಯಾರೋ ಒಬ್ಬರನ್ನು ಲೆಕ್ಕದಿಂದ ಬಿಟ್ಟುಬಿಡುತ್ತದೆ. ಬಿಟ್ಟುಹೋದವರನ್ನು ಮತ್ತೆ ಲೆಕ್ಕಕ್ಕೆ ತರಲು ಇನ್ನೊಂದು ಸಿದ್ಧಾಂತ ಬೇಕಾಗುತ್ತದೆ. ವ್ಯವಹಾರದಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು, ಕೋಣೆಯಲ್ಲಿ ಇಲ್ಲದವರ ಮೇಲೆ ನಷ್ಟ ಹೊರಿಸಿದ್ದರಿಂದಲೇ ಆಗಿರುತ್ತವೆ. ಸಿದ್ಧಾಂತಗಳನ್ನು ನೆನಪಿಡಬೇಕಾದ್ದು ಈ ಒಂದು ಕಾರಣಕ್ಕೆ.

ಮೊದಲು ಅಳತೆ, ಆಮೇಲೆ ನೀತಿ

ನೀತಿಯ ಚರ್ಚೆಗೆ ಕೂರುವ ಮೊದಲು ಸಂಗತಿ ಏನೆಂದು ಖಚಿತ ಮಾಡಿಕೊಳ್ಳಿ. ಎಷ್ಟೋ ‘ಧರ್ಮಸಂಕಟ’ಗಳು ಸರಿಯಾಗಿ ಅಳೆಯದ್ದರಿಂದ ಹುಟ್ಟಿರುತ್ತವೆ.

ಆ ಮೂರು ಪೀಸ್ ಅಳೆದಾಗ ತಣ್ಣಗಿದ್ದವೇ? ಅಳತೆಯ ಪ್ರಮಾಣಿತ ತಾಪಮಾನ 20 ಡಿಗ್ರಿ ಸೆಲ್ಸಿಯಸ್. 20 ಮಿ.ಮೀ. ಸ್ಟೀಲ್ ಬೋರ್ ಪ್ರತಿ 10 ಡಿಗ್ರಿಗೆ ಸುಮಾರು 2.3 ಮೈಕ್ರಾನ್ ಹಿಗ್ಗುತ್ತದೆ. ಮಷಿನ್‌ನಿಂದ ಆಗಷ್ಟೇ ಇಳಿದ ಪೀಸ್ ಗೇಜ್‌ಗಿಂತ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಸುಮಾರು ನಾಲ್ಕೂವರೆ ಮೈಕ್ರಾನ್ ಬರೀ ಬಿಸಿಯದ್ದೇ ಆಗಿರಬಹುದು. ಆದ್ದರಿಂದ ಪೀಸ್, ಬೋರ್ ಗೇಜ್, ಸೆಟ್ಟಿಂಗ್ ರಿಂಗ್ (ಗೇಜ್ ಹೊಂದಿಸಲು ಬಳಸುವ, ಅಳತೆ ಗೊತ್ತಿರುವ ಉಂಗುರ) ಮೂರನ್ನೂ ಒಂದೇ ಕೋಣೆಯಲ್ಲಿ ಕೆಲವು ಗಂಟೆ ಬಿಟ್ಟು, ರಿಂಗ್‌ನಲ್ಲಿ ಸೊನ್ನೆ ಹೊಂದಿಸಿ, ಮತ್ತೆ ಅಳೆಯಿರಿ. ರಿಂಗ್‌ನ ಕ್ಯಾಲಿಬ್ರೇಶನ್ ಅವಧಿ ಮುಗಿದಿಲ್ಲ ಎಂಬುದನ್ನೂ ನೋಡಿಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಎಷ್ಟು ಸಲ, ಯಾವ ದಿಕ್ಕಿನಲ್ಲಿ ಅಳೆಯುತ್ತೇವೆ ಎಂಬುದನ್ನು ಮೊದಲೇ ನಿರ್ಧರಿಸಿ, ಬಂದ ಎಲ್ಲ ರೀಡಿಂಗ್‌ಗಳನ್ನೂ ಬರೆದಿಡಿ. ಬೇಕಾದ ಅಂಕಿ ಬರುವವರೆಗೆ ಅಳೆಯುತ್ತ ಹೋಗಿ, ಬಂದ ಮೇಲೆ ಅದನ್ನೊಂದೇ ಬರೆದುಕೊಳ್ಳುವುದೂ ಸುಳ್ಳು ರಿಪೋರ್ಟೇ.

ಮರು ಅಳತೆಯಲ್ಲೂ 20.026 ಬಂತು ಎಂದುಕೊಳ್ಳೋಣ. 20ರಲ್ಲಿ 3 ಎಂದರೆ ಲಾಟ್‌ನಲ್ಲಿ ಸುಮಾರು 300 ಎಂಬ ಅಂದಾಜು. ಆದರೆ 20 ಪೀಸ್ ಸಣ್ಣ ಸ್ಯಾಂಪಲ್; ನಿಜಸಂಖ್ಯೆ 100 ಇರಬಹುದು, 600 ಇದ್ದರೂ ಆಶ್ಚರ್ಯವಿಲ್ಲ. ಗೋ–ನೋಗೋ ಪ್ಲಗ್ ಗೇಜ್‌ನಿಂದ (ಬೋರ್ ಮಿತಿಯೊಳಗಿದೆಯೇ ಎಂದು ತೂರಿಸಿ ನೋಡುವ ಗೇಜ್) ಒಂದು ಪೀಸಿಗೆ 20 ಸೆಕೆಂಡ್ ಹಿಡಿದರೆ 2,000 ಪೀಸಿಗೆ 40,000 ಸೆಕೆಂಡ್, ಸುಮಾರು 11 ಗಂಟೆ. ಇಬ್ಬರು ಕೂತರೆ ಒಂದೇ ಶಿಫ್ಟ್‌ನಲ್ಲಿ ಇಡೀ ಲಾಟ್ ಬೇರ್ಪಡುತ್ತದೆ. ಬೋರ್ ದೊಡ್ಡದಾದ ಪೀಸ್ ಸರಿಪಡಿಸಲು ಆಗುವುದಿಲ್ಲ, ಲೋಹ ಹೋಗಿಬಿಟ್ಟಿದೆ, ಗಿರಾಕಿ ಒಪ್ಪದಿದ್ದರೆ ಅದು ಸ್ಕ್ರ್ಯಾಪ್. ಪೀಸಿಗೆ 60 ರೂಪಾಯಿ ಎಂದಿಟ್ಟುಕೊಂಡರೆ 300 ಪೀಸಿಗೆ 18,000 ರೂಪಾಯಿ. ‘ಲಾಟ್ ಪೂರ್ತಿ ಹೋಗುತ್ತದೆ’ ಎಂಬ ಭಯದಿಂದ ಶುರುವಾದದ್ದು ಈಗ 18,000 ರೂಪಾಯಿ ಮತ್ತು ಒಂದು ದಿನದ ವಿಳಂಬಕ್ಕೆ ಬಂದು ನಿಂತಿತು. ಸುಳ್ಳು ರಿಪೋರ್ಟ್‌ನಿಂದ ಉಳಿಯುವುದು ಇಷ್ಟೇ ಎಂದು ಕಾಗದದ ಮೇಲೆ ಬರೆದು ಸೂಪರ್‌ವೈಸರ್ ಮುಂದಿಡಿ. ವಾದ ಅರ್ಧ ಮುಗಿಯುತ್ತದೆ.

ಕಾಂಟ್‌ನ ಪ್ರಶ್ನೆ: ಎಲ್ಲರೂ ಇದನ್ನೇ ಮಾಡಿದರೆ ಈ ಕಾಗದಕ್ಕೆ ಬೆಲೆ ಇರುತ್ತದೆಯೇ?

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಕೊಟ್ಟ ಒಂದು ಉದಾಹರಣೆ ಸಾಲದ್ದು: ತೀರಿಸಲಾಗದು ಎಂದು ಗೊತ್ತಿದ್ದೂ ತೀರಿಸುತ್ತೇನೆಂದು ಮಾತು ಕೊಟ್ಟು ಹಣ ಪಡೆಯುವುದು. ಎಲ್ಲರೂ ಹಾಗೆ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥ ಉಳಿಯುವುದಿಲ್ಲ, ಯಾರೂ ಸಾಲ ಕೊಡುವುದಿಲ್ಲ. ಆದ್ದರಿಂದ ಅದು ತಪ್ಪು, ಲಾಭ ನಷ್ಟದ ಲೆಕ್ಕಕ್ಕೆ ಮೊದಲೇ ತಪ್ಪು.

ಇನ್‌ಸ್ಪೆಕ್ಷನ್ ರಿಪೋರ್ಟಿಗೆ ಇದು ಅಕ್ಷರಶಃ ಹೊಂದುತ್ತದೆ. ನೀವು ಬರೆದ ಸುಳ್ಳು ‘ಓಕೆ’ಗೆ ಬೆಲೆ ಬರುವುದು, ಬೇರೆಯವರು ನಿಜವಾದ ‘ಓಕೆ’ ಬರೆಯುತ್ತಾರೆ ಎಂಬ ನಂಬಿಕೆಯಿಂದ. ‘ಎಲ್ಲರೂ ಮಾಡೋದೇ ಹೀಗೆ’ ಎಂಬ ಮಾತು ನಿಜವಾಗಿದ್ದರೆ ಗಿರಾಕಿ ರಿಪೋರ್ಟ್ ಕೇಳುತ್ತಲೇ ಇರಲಿಲ್ಲ, ಪ್ರತಿ ಪೀಸನ್ನೂ ತಾನೇ ಅಳೆದುಕೊಳ್ಳುತ್ತಿದ್ದ.

ಕಾಂಟ್‌ನ ಎರಡನೆಯ ಸೂತ್ರ ಇನ್ನೂ ಹತ್ತಿರದ್ದು: ಮನುಷ್ಯರನ್ನು ಬರೀ ಸಾಧನವಾಗಿ ಬಳಸಬೇಡಿ, ಅವರ ನಿರ್ಧಾರಶಕ್ತಿಗೆ ಮರ್ಯಾದೆ ಕೊಡಿ. ಐದು ಮೈಕ್ರಾನ್‌ನಿಂದ ಏನೂ ಆಗದೆಯೂ ಇರಬಹುದು. ಆ ಬುಷ್‌ನಲ್ಲಿ ತಿರುಗುವ ಶಾಫ್ಟ್ ಯಾವುದು, ಎಷ್ಟು ವೇಗ, ಎಷ್ಟು ಭಾರ, ಎಣ್ಣೆಪದರ ಎಷ್ಟು ದಪ್ಪ ಇರಬೇಕು ಎಂಬುದು ಗಿರಾಕಿಯ ಡಿಸೈನ್ ಎಂಜಿನಿಯರ್‌ಗೆ ಗೊತ್ತು, ನಿಮಗೆ ಗೊತ್ತಿಲ್ಲ. ಸುಳ್ಳು ಬರೆದಾಗ ಅವರು ಮಾಡಬೇಕಾದ ನಿರ್ಧಾರವನ್ನು ಅವರಿಗೆ ತಿಳಿಯದಂತೆ ನೀವು ಮಾಡಿಬಿಟ್ಟಿರಿ. ತಪ್ಪಿರುವುದು ಐದು ಮೈಕ್ರಾನ್‌ನಲ್ಲಲ್ಲ, ಅದನ್ನು ಮುಚ್ಚಿಟ್ಟದ್ದರಲ್ಲಿ. ಉದ್ಯಮದಲ್ಲಿ ಇದಕ್ಕೆ ನೇರ ದಾರಿ ಇದೆ: ಲಿಖಿತವಾಗಿ ಡೀವಿಯೇಶನ್, ಅಂದರೆ ಡ್ರಾಯಿಂಗ್‌ಗಿಂತ ಇಷ್ಟು ವ್ಯತ್ಯಾಸವಿರುವ ಮಾಲಿಗೆ ಒಪ್ಪಿಗೆ, ಕೇಳುವುದು. ಅದರಿಂದ ನಿರ್ಧಾರ ಮತ್ತೆ ಅವರ ಕೈಗೆ ಹೋಗುತ್ತದೆ.

ಈ ದಾರಿಯೇ ಹಾಳಾದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಕೋಬೆ ಸ್ಟೀಲ್ ಸಾಕ್ಷಿ. ಅಳತೆ ಅಥವಾ ಬಲ ಸ್ವಲ್ಪ ಕಡಿಮೆಬಿದ್ದ ಮಾಲನ್ನು ಗಿರಾಕಿಯ ಒಪ್ಪಿಗೆ ಪಡೆದು ಕಳಿಸುವ ಪದ್ಧತಿ ಅಲ್ಲಿಯೂ ಇತ್ತು. ಕೆಲವು ಘಟಕಗಳಲ್ಲಿ ಒಪ್ಪಿಗೆ ಕೇಳುವುದು ನಿಂತಿತು, ಪರೀಕ್ಷೆಯ ಅಂಕಿಗಳನ್ನು ತಿದ್ದುವುದು ಉಳಿಯಿತು. 2017ರ ಅಕ್ಟೋಬರ್‌ನಲ್ಲಿ ಕಂಪನಿ ತಾನೇ ಒಪ್ಪಿಕೊಂಡಾಗ, ಅಲ್ಯೂಮಿನಿಯಂ, ತಾಮ್ರ, ಉಕ್ಕಿನ ಮಾಲು ಪಡೆದಿದ್ದ 500ಕ್ಕೂ ಹೆಚ್ಚು ಗಿರಾಕಿಗಳ ಹೆಸರು ಪಟ್ಟಿಯಲ್ಲಿ ಬಂತು. ಕಾರು, ವಿಮಾನ, ರೈಲು ತಯಾರಿಸುವವರೂ ಅದರಲ್ಲಿದ್ದರು. ಕೆಲವು ಕಡೆ ಈ ಪದ್ಧತಿ ದಶಕಗಳಿಂದ ನಡೆದಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು. ಮುಖ್ಯಸ್ಥರು ರಾಜೀನಾಮೆ ಕೊಡಬೇಕಾಯಿತು. ಹಿಂದೆ ಗಿರಾಕಿಗಳಿಂದ ದೂರು ಬಂದಿಲ್ಲ, ಸುರಕ್ಷತೆಗೆ ತೊಂದರೆಯಾಗಿಲ್ಲ, ಆದ್ದರಿಂದ ಪರವಾಗಿಲ್ಲ ಎಂಬುದೇ ಅಲ್ಲಿನ ಕೆಲಸಗಾರರ ಮನಸ್ಸಿನಲ್ಲೂ ಇದ್ದದ್ದು. ನಿಮ್ಮ ಸೂಪರ್‌ವೈಸರ್ ಹೇಳಿದ್ದಕ್ಕೂ ಇದಕ್ಕೂ ಏನೂ ದೂರವಿಲ್ಲ.

ಕಾಂಟ್‌ಗೂ ಮಿತಿ ಇದೆ. ಎರಡು ಕರ್ತವ್ಯಗಳು ಡಿಕ್ಕಿ ಹೊಡೆದಾಗ, ಉದಾಹರಣೆಗೆ ನಿಜ ಹೇಳುವುದು ಮತ್ತು ಮಾತುಕೊಟ್ಟ ದಿನಕ್ಕೆ ಮಾಲು ಮುಟ್ಟಿಸುವುದು, ಯಾವುದಕ್ಕೆ ಎಷ್ಟು ತೂಕ ಎಂದು ಈ ಸಿದ್ಧಾಂತ ಚೆನ್ನಾಗಿ ಹೇಳಲಾರದು. ಏನು ಮಾಡಬಾರದು ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆಯುತ್ತದೆ; ಗೆರೆಯ ಈಚೆ ಇರುವ ಹತ್ತು ದಾರಿಗಳಲ್ಲಿ ಯಾವುದು ಮೇಲು ಎಂಬುದಕ್ಕೆ ಲೆಕ್ಕ ಬೇಕು.

ಉಪಯುಕ್ತತಾವಾದ: ಲೆಕ್ಕ ಸರಿ, ಯಾರ ಲೆಕ್ಕ?

ಜೆರೆಮಿ ಬೆಂಥಮ್, ಜಾನ್ ಸ್ಟುವರ್ಟ್ ಮಿಲ್ ಹೇಳಿದ್ದು: ಅತಿ ಹೆಚ್ಚು ಜನರ ಅತಿ ಹೆಚ್ಚಿನ ಹಿತ ಯಾವುದರಿಂದಲೋ ಅದು ಸರಿ. ನಿಮ್ಮ ಸೂಪರ್‌ವೈಸರ್ ಗೊತ್ತಿಲ್ಲದೆಯೇ ಉಪಯುಕ್ತತಾವಾದಿ: ‘ಕಳಿಸಿದರೆ ನಮಗೆ ಲಾಭ, ಯಾರಿಗೂ ನಷ್ಟವಿಲ್ಲ’. ಬೆಂಥಮ್‌ನೇ ಈ ಲೆಕ್ಕವನ್ನು ಒಪ್ಪುತ್ತಿರಲಿಲ್ಲ, ಏಕೆಂದರೆ ಅವನ ಪಟ್ಟಿಯಲ್ಲಿ ಪರಿಣಾಮ ತಟ್ಟುವ ಪ್ರತಿಯೊಬ್ಬರೂ ಬರಬೇಕು, ಪ್ರತಿಯೊಬ್ಬರಿಗೂ ಒಂದೇ ತೂಕ.

ಈ ಲೆಕ್ಕ ಸಾಮಾನ್ಯವಾಗಿ ಎಲ್ಲಿ ಕೆಡುತ್ತದೆ ನೋಡಿ. ಬುಷ್ ಹೋಗುವ ಯಂತ್ರವನ್ನು ಕೊನೆಗೆ ಬಳಸುವವರು ಪಟ್ಟಿಯಲ್ಲೇ ಇರುವುದಿಲ್ಲ. ಕಡಿಮೆ ಸಾಧ್ಯತೆಯನ್ನು ‘ಆಗುವುದೇ ಇಲ್ಲ’ ಎಂದು ಬರೆದುಕೊಳ್ಳುತ್ತೇವೆ. ಹತ್ತು ಸಾವಿರದಲ್ಲಿ ಒಂದು ಎಂಬುದು ಸೊನ್ನೆಯಲ್ಲ. ಒಂದೇ ಲಾಟ್‌ನ ಲೆಕ್ಕ ಹಾಕುತ್ತೇವೆ, ಈ ಅಭ್ಯಾಸ ವರ್ಷಕ್ಕೆ ನೂರು ಲಾಟ್‌ಗೆ ಹಬ್ಬಿದರೆ ಎಷ್ಟು ಎಂದು ಹಾಕುವುದಿಲ್ಲ. ಈ ಕೊನೆಯ ದೋಷಕ್ಕಾಗಿಯೇ ನಂತರದ ಚಿಂತಕರು, ಒಂದೊಂದು ಕೆಲಸವನ್ನಲ್ಲ, ಅದರ ಹಿಂದಿನ ನಿಯಮವನ್ನು ತೂಗಿ ಎಂದರು. ‘ಐದು ಮೈಕ್ರಾನ್ ಒಳಗಿದ್ದರೆ ಸುಳ್ಳು ಬರೆಯಬಹುದು’ ಎಂಬುದನ್ನು ನಿಮ್ಮ ಶಾಪ್‌ನ ನಿಯಮವಾಗಿ ಗೋಡೆಗೆ ಅಂಟಿಸಿದರೆ ಗಿರಾಕಿ ಉಳಿಯುತ್ತಾನೆಯೇ ಎಂದು ಕೇಳಿಕೊಳ್ಳಿ.

ಪಠ್ಯಪುಸ್ತಕಗಳಲ್ಲಿ ಇದಕ್ಕೆ ಕೊಡುವ ಉದಾಹರಣೆ ಫೋರ್ಡ್ ಪಿಂಟೊ ಕಾರಿನದು. ಅದನ್ನು ಬಹಳ ಸಲ ತಪ್ಪಾಗಿ ಹೇಳುತ್ತಾರೆ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ. 1970ರ ದಶಕದ ಆರಂಭದಲ್ಲಿ ಫೋರ್ಡ್ ಎಂಜಿನಿಯರುಗಳು ಅಮೆರಿಕದ ಸುರಕ್ಷತಾ ನಿಯಂತ್ರಕರಿಗಾಗಿ ಒಂದು ಲೆಕ್ಕ ಸಿದ್ಧಪಡಿಸಿದರು. ಇಂಧನ ಸೋರದಂತೆ ತಡೆಯುವ ಬದಲಾವಣೆಗೆ ವಾಹನಕ್ಕೆ 11 ಡಾಲರ್, 1.25 ಕೋಟಿ ವಾಹನಗಳಿಗೆ ಸುಮಾರು 13.7 ಕೋಟಿ ಡಾಲರ್. ಅದರಿಂದ ತಪ್ಪುವುದು 180 ಸಾವು, ತಲಾ 2 ಲಕ್ಷ ಡಾಲರ್. 180 ತೀವ್ರ ಸುಟ್ಟಗಾಯ, ತಲಾ 67,000. 2,100 ಸುಟ್ಟ ವಾಹನ, ತಲಾ 700. ಒಟ್ಟು 4.95 ಕೋಟಿ ಡಾಲರ್. ಖರ್ಚು ಹೆಚ್ಚು, ಲಾಭ ಕಡಿಮೆ. ಈ ಲೆಕ್ಕ ಪಿಂಟೊ ಒಂದರದ್ದಲ್ಲ, ಹಿಂಬದಿ ಡಿಕ್ಕಿಯದ್ದೂ ಅಲ್ಲ. ವಾಹನ ಮಗುಚಿದಾಗ ಇಂಧನ ಸೋರುವ ಬಗ್ಗೆ ದೇಶದ ಒಟ್ಟು ಕಾರು ಮತ್ತು ಸಣ್ಣ ಟ್ರಕ್‌ಗಳ ಲೆಕ್ಕ. ಜೀವಕ್ಕೆ 2 ಲಕ್ಷ ಎಂಬ ಅಂಕಿಯೂ ಆ ನಿಯಂತ್ರಕ ಸಂಸ್ಥೆಯದ್ದೇ. ಪಿಂಟೊದ ಇಂಧನ ಟ್ಯಾಂಕ್ ಹಿಂಬದಿ ಡಿಕ್ಕಿಗೆ ಸುಲಭವಾಗಿ ತುತ್ತಾಗುತ್ತಿತ್ತು ಎಂಬುದು ಬೇರೆಯೇ ಸಂಗತಿ. 1978ರಲ್ಲಿ ಫೋರ್ಡ್ ಸುಮಾರು 15 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಿತು.

ಹಾಗಾದರೆ ಆ ಲೆಕ್ಕದಿಂದ ಕಲಿಯುವುದೇನು? ಸುರಕ್ಷತೆಗೆ ಬೆಲೆ ಕಟ್ಟುವುದೇ ಪಾಪ ಎಂದಲ್ಲ. ರಸ್ತೆ, ಆಸ್ಪತ್ರೆ, ಕಾರ್ಖಾನೆ ಎಲ್ಲದರಲ್ಲೂ ಯಾರೋ ಒಬ್ಬರು ಅಂಥ ಲೆಕ್ಕ ಹಾಕಲೇಬೇಕು. ಅಪಾಯ ಹೊರುವವರು ಒಬ್ಬರು, ಉಳಿತಾಯ ಸೇರುವುದು ಇನ್ನೊಬ್ಬರಿಗೆ ಎಂದಾದಾಗ ಒಟ್ಟು ಮೊತ್ತ ಆ ಅನ್ಯಾಯವನ್ನು ತೋರಿಸುವುದಿಲ್ಲ. ಹಕ್ಕುಗಳ ಸಿದ್ಧಾಂತ ಹುಟ್ಟುವುದು ಇಲ್ಲಿಯೇ: ಕೆಲವು ವಿಷಯಗಳನ್ನು, ಜೀವ, ಆರೋಗ್ಯ, ಅಪಾಯದ ಬಗ್ಗೆ ಮೊದಲೇ ತಿಳಿಯುವ ಅವಕಾಶ, ಇವನ್ನು ಬೇರೆಯವರ ಲಾಭಕ್ಕೆ ಎದುರಾಗಿ ತಕ್ಕಡಿಗೆ ಹಾಕುವಂತಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ: ಸಂಗತಿ ಖಚಿತ ಮಾಡಿಕೊಳ್ಳಿ, ಯಾರಿಗೆಲ್ಲ ತಟ್ಟುತ್ತದೆ ಎಂದು ಬರೆಯಿರಿ, ಸುಳ್ಳು ಮತ್ತು ಮುಚ್ಚಿಟ್ಟ ಅಪಾಯ ಇರುವ ದಾರಿಗಳನ್ನು ಹೊಡೆದುಹಾಕಿ, ಉಳಿದ ದಾರಿಗಳ ನಡುವೆ ಲಾಭ ನಷ್ಟ ತೂಗಿ. ಲೆಕ್ಕ ಮೊದಲು, ಗೆರೆ ಆಮೇಲೆ ಎಂದಾದರೆ ಗೆರೆಯನ್ನು ಲೆಕ್ಕವೇ ನುಂಗುತ್ತದೆ.

ಜಾಬ್‌ವರ್ಕ್‌ನವರ 90 ದಿನ

ಇದು ಸುಳ್ಳಿನ ಪ್ರಶ್ನೆಯಲ್ಲ, ನ್ಯಾಯದ್ದು. ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ ಪರೀಕ್ಷೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ: ನೀವು ಯಾವ ಜಾಗದಲ್ಲಿರುತ್ತೀರಿ ಎಂದು ಗೊತ್ತಿಲ್ಲದೆ ನಿಯಮ ಮಾಡಬೇಕಾದರೆ ಯಾವ ನಿಯಮ ಒಪ್ಪುತ್ತೀರಿ? ನಾಳೆ ನೀವು ದೊಡ್ಡ ಗಿರಾಕಿಯೋ, ನೀವೇ ಆಗಿರುತ್ತೀರೋ, ನಾಲ್ಕು ಜನರನ್ನು ಇಟ್ಟುಕೊಂಡು ಫರ್ನೇಸ್ ನಡೆಸುವವರೋ ತಿಳಿಯದು. ಹಣಕಾಸಿನ ಕೊರತೆಯನ್ನು ಸರಪಳಿಯ ಕಟ್ಟಕಡೆಯವರ ಮೇಲೆ, ಅಂದರೆ ಬ್ಯಾಂಕ್ ಸಾಲ ಸುಲಭವಾಗಿ ಸಿಗದವರ ಮೇಲೆ, ಹೊರಿಸುವ ನಿಯಮವನ್ನು ಆಗ ಯಾರೂ ಒಪ್ಪುವುದಿಲ್ಲ. ವಿದ್ಯುತ್ ಬಿಲ್ಲು, ವಾರದ ಕೂಲಿ 90 ದಿನ ಕಾಯುವುದಿಲ್ಲವಲ್ಲ.

ಇಲ್ಲಿ ಕಾನೂನೂ ಸ್ಪಷ್ಟವಾಗಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ, ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಒಪ್ಪಂದ ಏನೇ ಇದ್ದರೂ ಮಾಲು ಅಥವಾ ಸೇವೆ ಸ್ವೀಕರಿಸಿದ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳಿಗೊಮ್ಮೆ ಸೇರುತ್ತದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ತಿದ್ದುಪಡಿಯಂತೆ, ಈ ಅವಧಿ ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ನಿಮ್ಮ ಘಟಕವೂ ಸಣ್ಣದೇ ಆಗಿ ನೋಂದಣಿ ಇದ್ದರೆ ಇದೇ ರಕ್ಷಣೆ ನಿಮಗೂ ಇದೆ; ದೊಡ್ಡ ಗಿರಾಕಿ ಹಣ ತಡೆದರೆ ಇದಕ್ಕಾಗಿ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಸಂಬಂಧ ಕೆಡುವ ಭಯದಿಂದ ಅನೇಕರು ಕೊಡುವುದಿಲ್ಲ ಎಂಬುದು ನಿಜ. ಆದರೆ ‘ನನಗೆ ಅವರು ಕೊಡುತ್ತಿಲ್ಲ’ ಎಂಬುದು ನಿಮ್ಮ ಕಷ್ಟಕ್ಕೆ ವಿವರಣೆ ಆಗುತ್ತದೆಯೇ ಹೊರತು ಹೀಟ್ ಟ್ರೀಟ್‌ಮೆಂಟ್‌ನವರನ್ನು ಕಾಯಿಸುವುದಕ್ಕೆ ಸಮರ್ಥನೆ ಆಗುವುದಿಲ್ಲ. ಒಂದೇ ಸಲ ಎಲ್ಲವನ್ನೂ ಸರಿಪಡಿಸಲಾಗದಿದ್ದರೆ ಅತಿ ಚಿಕ್ಕವರ ಬಿಲ್ಲಿನಿಂದ ಶುರುಮಾಡಿ.

ಷೇರುದಾರರೋ, ಎಲ್ಲರೋ?

ಕಂಪನಿ ದುಡಿಯಬೇಕಾದ್ದು ಷೇರುದಾರರಿಗೋ ಎಲ್ಲರಿಗೋ ಎಂಬ ಜಗಳ ನಿಮ್ಮಂಥ ಕುಟುಂಬದ ಘಟಕದಲ್ಲಿ ಅಷ್ಟಾಗಿ ಬರುವುದಿಲ್ಲ, ಮಾಲೀಕರು ಮನೆಯವರೇ ಆದ್ದರಿಂದ. ಆದರೂ ಒಂದು ತಪ್ಪು ತಿಳಿವಳಿಕೆ ತೊಡೆಯಬೇಕು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರ ಪ್ರಸಿದ್ಧ ಲೇಖನದಲ್ಲಿ ‘ಲಾಭ ಮಾಡುವುದೇ ಕಂಪನಿಯ ಹೊಣೆ’ ಎಂದರು ಎಂದು ಎಲ್ಲರೂ ಹೇಳುತ್ತಾರೆ; ಸಮಾಜದ ಮೂಲ ನಿಯಮಗಳಿಗೆ, ಕಾನೂನಿನಲ್ಲಿರುವ ಮತ್ತು ನೈತಿಕ ರೂಢಿಯಲ್ಲಿರುವ ಎರಡಕ್ಕೂ, ಬದ್ಧವಾಗಿದ್ದುಕೊಂಡು ಎಂಬ ಷರತ್ತನ್ನು ಬಿಟ್ಟುಬಿಡುತ್ತಾರೆ. ಸುಳ್ಳು ರಿಪೋರ್ಟ್ ಫ್ರೀಡ್‌ಮನ್ ಪ್ರಕಾರವೂ ನಡೆಯುವುದಿಲ್ಲ. ಎಡ್ವರ್ಡ್ ಫ್ರೀಮನ್ 1984ರಲ್ಲಿ ರೂಪಿಸಿದ ಸ್ಟೇಕ್‌ಹೋಲ್ಡರ್ ಸಿದ್ಧಾಂತ, ಕಂಪನಿಯ ಗುರಿಗಳಿಂದ ಪರಿಣಾಮಕ್ಕೊಳಗಾಗುವ ಅಥವಾ ಅದರ ಮೇಲೆ ಪರಿಣಾಮ ಬೀರುವ ಎಲ್ಲರನ್ನೂ ಗಣನೆಗೆ ತರುತ್ತದೆ. ಪಟ್ಟಿ ಮಾಡಲು ಅದು ಅತ್ಯುತ್ತಮ. ಪಟ್ಟಿಯಲ್ಲಿರುವವರ ಹಿತಗಳು ಡಿಕ್ಕಿ ಹೊಡೆದಾಗ ಯಾರು ಮೊದಲು ಎಂದು ಹೇಳುವುದರಲ್ಲಿ ದುರ್ಬಲ.

ನಮ್ಮ ದೇಶದ ಕಾನೂನು ಎರಡನೆಯ ಕಡೆಗೇ ವಾಲಿದೆ. 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ನಿರ್ದೇಶಕರು ಸದಸ್ಯರೆಲ್ಲರ ಪ್ರಯೋಜನದ ಜೊತೆಗೆ ಕಂಪನಿ, ನೌಕರರು, ಷೇರುದಾರರು, ಸಮುದಾಯದ ಹಿತ ಮತ್ತು ಪರಿಸರದ ರಕ್ಷಣೆಯನ್ನೂ ನೋಡಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇದು ನಿಮಗೂ ಅನ್ವಯ. ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಖರ್ಚು) ಬೇರೆಯದು: 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಖರ್ಚು ಮಾಡಬೇಕು. ಲಾಭ ಹೇಗೆ ಬಂತು ಎಂಬ ಪ್ರಶ್ನೆಗೆ ಸಿಎಸ್‌ಆರ್ ಉತ್ತರವಲ್ಲ. ಶಾಲೆಗೆ ಬೆಂಚು ಕೊಟ್ಟ ಮಾತ್ರಕ್ಕೆ ಕಾರ್ಮಿಕರ ಓಟಿ ಬಾಕಿ ತೀರುವುದಿಲ್ಲ.

ಅಭ್ಯಾಸದ ಪ್ರಶ್ನೆ

ಅರಿಸ್ಟಾಟಲ್‌ನ ಸದ್ಗುಣ ಸಿದ್ಧಾಂತ ಒಂದು ಕೆಲಸದ ಬಗ್ಗೆ ಕೇಳುವುದಿಲ್ಲ. ಇದನ್ನು ಮಾಡುತ್ತ ಮಾಡುತ್ತ ನೀವು ಎಂಥವರಾಗುತ್ತೀರಿ ಎಂದು ಕೇಳುತ್ತದೆ. ನಮಗೆ ಇದು ಹೊಸದಲ್ಲ. ಮಾರಯ್ಯ ಅಂದಿಗೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಹಾಕಿ ಬನ್ನಿ ಎಂದ ಆಯ್ದಕ್ಕಿ ಲಕ್ಕಮ್ಮ, ಯಾರಿಗೆ ನಷ್ಟವಾಯಿತು ಎಂದಾಗಲಿ ಯಾವ ನಿಯಮ ಮುರಿಯಿತು ಎಂದಾಗಲಿ ಕೇಳಲಿಲ್ಲ. ಕಾಯಕ ಮಾಡುವವರ ಮನಸ್ಸು ಕೆಟ್ಟಿತೇ ಎಂಬುದಷ್ಟೇ ಆಕೆಯ ಚಿಂತೆ.

ವ್ಯವಹಾರದಲ್ಲಿ ಈ ಸಿದ್ಧಾಂತವನ್ನು ಮೃದು ಉಪದೇಶ ಎಂದು ಬದಿಗಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ದೊಡ್ಡ ಹಗರಣಗಳನ್ನು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ವಿವರಿಸುವುದಿಲ್ಲ. ಸತ್ಯಂ ಕಂಪ್ಯೂಟರ್ಸ್ ನೋಡಿ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಕೊಂಡು ಬರೆದ ಪತ್ರದ ಪ್ರಕಾರ, 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ತೋರಿಸಿದ ಆದಾಯ 2,700 ಕೋಟಿ, ನಿಜವಾದದ್ದು 2,112 ಕೋಟಿ. ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಎರಡರಲ್ಲೂ ಅಂತರ 588 ಕೋಟಿ. ಇಲ್ಲದ ಆದಾಯಕ್ಕೆ ಖರ್ಚು ಇರುವುದಿಲ್ಲ. ಆದ್ದರಿಂದ ಅದು ಇಡಿಯಾಗಿ ಲಾಭಕ್ಕೆ ಬೀಳುತ್ತದೆ, ಲಾಭದಿಂದ ಬ್ಯಾಂಕ್ ಶಿಲ್ಕಿಗೆ. ಪ್ರತಿ ತ್ರೈಮಾಸಿಕದ ಸುಳ್ಳೂ ಹಿಂದಿನದರ ಮೇಲೆ ಕೂರುತ್ತ ಹೋಗಿ, ಕೊನೆಗೆ ಲೆಕ್ಕಪುಸ್ತಕದಲ್ಲಿ 5,040 ಕೋಟಿ ಇಲ್ಲದ ನಗದು ನಿಂತಿತ್ತು. ಸಣ್ಣ ಅಂತರದಿಂದ ಆರಂಭವಾಗಿ ವರ್ಷದಿಂದ ವರ್ಷಕ್ಕೆ ಬೆಳೆಯಿತು ಎಂಬುದು ಆ ಪತ್ರದಲ್ಲೇ ಇದೆ. ಮೊದಲ ದಿನವೇ 5,040 ಕೋಟಿಯ ಸುಳ್ಳು ಹೇಳಲು ಯಾರೂ ಕೂರುವುದಿಲ್ಲ.

ಸುಳ್ಳು ಹುಟ್ಟುವ ಜಾಗವನ್ನು ಸರಿಪಡಿಸುವುದು

ಡೊನಾಲ್ಡ್ ಕ್ರೆಸಿ ಎಂಬ ಅಪರಾಧಶಾಸ್ತ್ರಜ್ಞ 1950ರ ದಶಕದಲ್ಲಿ, ಹಣ ದುರುಪಯೋಗ ಮಾಡಿ ಜೈಲು ಸೇರಿದವರನ್ನು ಅಧ್ಯಯನ ಮಾಡಿ ಗುರುತಿಸಿದ ಮೂರು ಅಂಶಗಳು ಇಂದಿಗೂ ಆಡಿಟರ್‌ಗಳ ಮೊದಲ ಪಾಠ: ಒತ್ತಡ, ಅವಕಾಶ, ಸಮರ್ಥನೆ. ನಿಮ್ಮ ಶಾಪ್‌ನಲ್ಲಿ ಮೂರೂ ಎಲ್ಲಿವೆ ಎಂದು ಹುಡುಕಿ. ಸೂಪರ್‌ವೈಸರ್‌ಗೆ ಇನ್ಸೆಂಟಿವ್ ಕಳಿಸಿದ ಪೀಸಿನ ಲೆಕ್ಕದಲ್ಲಿದ್ದರೆ ಒತ್ತಡವನ್ನು ನೀವೇ ಹಾಕಿದ್ದೀರಿ. ಅದನ್ನು ಗಿರಾಕಿ ಒಪ್ಪಿದ ಪೀಸಿನ ಲೆಕ್ಕಕ್ಕೆ ಬದಲಿಸಿ. ಮಷಿನ್ ನಡೆಸುವವರೇ ಅಳೆದು, ಅವರೇ ಕೈಯಿಂದ ರಿಪೋರ್ಟ್ ಬರೆಯುತ್ತಿದ್ದರೆ ಅವಕಾಶ ಅಲ್ಲಿದೆ. ಅಳೆಯುವವರು ಉತ್ಪಾದನೆಯ ಮುಖ್ಯಸ್ಥರ ಕೈಕೆಳಗೆ ಇರಬಾರದು, ನೇರ ನಿಮಗೆ ವರದಿ ಮಾಡಲಿ. ರಿಪೋರ್ಟ್‌ನಲ್ಲಿ ‘ಓಕೆ’ ಎಂಬ ಕಾಲಂ ತೆಗೆದು, ಪ್ರತಿ ಸ್ಯಾಂಪಲ್‌ನ ನಿಜವಾದ ರೀಡಿಂಗ್ ಮೂರು ದಶಮಾಂಶದವರೆಗೆ ಬರೆಯುವ ಕಾಲಂ ಹಾಕಿ. ‘ಓಕೆ’ ಎಂದು ಗೀಚುವುದು ಸುಲಭ, 20.026 ಕಣ್ಣಿಗೆ ಕಂಡಾಗ 20.019 ಎಂದು ಬರೆಯಲು ಕೈ ತಡೆಯುತ್ತದೆ. ಹಣವಿದ್ದಾಗ ಗೇಜ್‌ನಿಂದ ನೇರ ಕಂಪ್ಯೂಟರ್‌ಗೆ ರೀಡಿಂಗ್ ಹೋಗುವ ವ್ಯವಸ್ಥೆ ಮಾಡಿ. ಕೋಬೆ ಸ್ಟೀಲ್ ಕೂಡ ಕೊನೆಗೆ ಇದೇ ದಾರಿ ಹಿಡಿಯಿತು. ‘ಐದು ಮೈಕ್ರಾನ್ ತಾನೇ’ ಎಂಬ ಸಮರ್ಥನೆಗೆ ಬೈಗುಳ ಮದ್ದಲ್ಲ. ಕೆಟ್ಟ ರೀಡಿಂಗ್ ತಂದು ತೋರಿಸಿದವರಿಗೆ ಮೊದಲು ‘ಒಳ್ಳೆಯದಾಯಿತು ಹೇಳಿದಿರಿ’ ಎನ್ನಿ, ಕಾರಣ ಆಮೇಲೆ ಕೇಳಿ. ಲೋಹ ಕೊರೆಯುವ ಇನ್ಸರ್ಟ್ ಸವೆದದ್ದೋ ಮಷಿನ್‌ಗೆ ಕೊಟ್ಟ ಆಫ್‌ಸೆಟ್ ಅಂಕಿ ತಪ್ಪಿದ್ದೋ ಆಗ ಹೊರಗೆ ಬರುತ್ತದೆ.

ಕಾನೂನು ಪಾಲಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಕಾನೂನು ಅತಿ ಕಡಿಮೆ ಮಟ್ಟ, ಮತ್ತು ಅದು ಬರುವುದು ಸಾಮಾನ್ಯವಾಗಿ ಅನಾಹುತದ ನಂತರ. 45 ದಿನದ ನಿಯಮ ಬರುವ ಮೊದಲೂ ಕಟ್ಟಕಡೆಯವರನ್ನು ಕಾಯಿಸುವುದು ಅನ್ಯಾಯವೇ ಆಗಿತ್ತು. ಹಾಗೆಂದು ಕಾನೂನನ್ನು ಕಡೆಗಣಿಸಬೇಡಿ. ಲಂಚದ ವಿಷಯದಲ್ಲಂತೂ 2018ರ ತಿದ್ದುಪಡಿಯ ನಂತರ ಕೊಟ್ಟವರೂ ಅಪರಾಧಿಗಳು, ಏಳು ವರ್ಷದವರೆಗೆ ಶಿಕ್ಷೆ; ಬಲವಂತದಿಂದ ಕೊಡಬೇಕಾಗಿ ಬಂದಿದ್ದರೆ ಏಳು ದಿನದೊಳಗೆ ಪೊಲೀಸ್ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ.

ಈಗ ಈ ಲಾಟ್‌ಗೆ ಏನು ಮಾಡಬೇಕು

ಇಂದೇ ಕೆಂಪು ಟ್ಯಾಗ್ ಹಾಕಿ ಬೇರೆ ಜಾಗದಲ್ಲಿಡಿ. ತಣ್ಣಗಾದ ಮೇಲೆ ಮರು ಅಳತೆ, ಆಮೇಲೆ ಪೂರ್ತಿ ವಿಂಗಡಣೆ. ಸರಿಯಿರುವ ಪೀಸ್‌ಗಳನ್ನು ಕಳಿಸಿ. ಉಳಿದವುಗಳಿಗೆ ಗಿರಾಕಿಯ ಕ್ವಾಲಿಟಿ ವಿಭಾಗಕ್ಕೆ ಪತ್ರ ಬರೆಯಿರಿ: ಪಾರ್ಟ್ ನಂಬರ್ ಮತ್ತು ಡ್ರಾಯಿಂಗ್ ರಿವಿಷನ್, ಲಾಟ್ ನಂಬರ್, ಮೀರಿದ ಪೀಸ್‌ಗಳ ಸಂಖ್ಯೆ, ಕನಿಷ್ಠ ಮತ್ತು ಗರಿಷ್ಠ ರೀಡಿಂಗ್, ಕಾರಣ, ಮತ್ತೆ ಆಗದಂತೆ ಮಾಡಿದ ಬದಲಾವಣೆ, ಈ ಒಂದು ಲಾಟ್‌ಗೆ ಮಾತ್ರ ಡೀವಿಯೇಶನ್ ಕೋರಿಕೆ. ಒಪ್ಪಿದರೆ ಅವರ ಸಹಿಯ ಪ್ರತಿ ಬಂದ ಮೇಲೆ, ಡಬ್ಬದ ಮೇಲೆ ಡೀವಿಯೇಶನ್ ನಂಬರ್ ಬರೆದು ಬೇರೆಯಾಗಿ ಕಳಿಸಿ. ಒಪ್ಪದಿದ್ದರೆ ಸ್ಕ್ರ್ಯಾಪ್, ಯಾರೂ ಮತ್ತೆ ಬಳಸದಂತೆ ಪೀಸ್ ಕತ್ತರಿಸಿ ಅಥವಾ ಒತ್ತಿ ಚಪ್ಪಟೆ ಮಾಡಿ ಮಾರಿ. ಹಿಂದಿನ ಲಾಟ್‌ಗಳು ಇದೇ ಟೂಲ್‌ನಲ್ಲಿ ಆಗಿ ಹೋಗಿದ್ದರೆ, ಉಳಿಸಿಕೊಂಡ ಸ್ಯಾಂಪಲ್ ಅಳೆದು, ಸಂಶಯ ಬಂದ ದಿನವೇ ಫೋನ್ ಮಾಡಿ, ಅಂದೇ ಮೇಲ್ ಹಾಕಿ.

ಇದಕ್ಕೆ ಬೆಲೆ ತೆರಬೇಕಾಗಬಹುದು. ವೆಂಡರ್ ರೇಟಿಂಗ್‌ನಲ್ಲಿ ಕೆಲವು ಅಂಕ ಕಡಿಮೆಯಾಗಬಹುದು, ಖರೀದಿ ವಿಭಾಗದವರು ರೇಗಬಹುದು, ಮುಂದಿನ ಆರ್ಡರ್ ಚಿಕ್ಕದಾಗಬಹುದು. ಆಗುವುದಿಲ್ಲ ಎಂದು ಭರವಸೆ ಕೊಡಲಾರೆ.

ಇನ್ನೊಂದು ಸನ್ನಿವೇಶಕ್ಕೂ ತಯಾರಿರಿ. ಖರೀದಿ ವಿಭಾಗದವರೇ ಫೋನ್ ಮಾಡಿ ‘ಡೀವಿಯೇಶನ್ ಗೀವಿಯೇಶನ್ ಏನೂ ಬೇಡ, ಲೈನ್ ನಿಂತಿದೆ, ಸುಮ್ಮನೆ ಕಳಿಸಿ’ ಎನ್ನಬಹುದು. ಒಪ್ಪಿಗೆ ಕೊಡುವ ಅಧಿಕಾರ ಅವರಿಗಿಲ್ಲ, ಕ್ವಾಲಿಟಿ ಮತ್ತು ಡಿಸೈನ್ ವಿಭಾಗಕ್ಕಿದೆ. ಜಗಳ ಮಾಡಬೇಡಿ. ಫೋನ್ ಇಟ್ಟ ತಕ್ಷಣ ಮೇಲ್ ಬರೆಯಿರಿ: ‘ಈಗ ಫೋನ್‌ನಲ್ಲಿ ಮಾತಾಡಿದಂತೆ, 20.021 ಮೀರಿದ ಇಷ್ಟು ಪೀಸ್‌ಗಳನ್ನು ತುರ್ತಾಗಿ ಕಳಿಸಲು ಕೇಳಿದ್ದೀರಿ. ನಿಜವಾದ ರೀಡಿಂಗ್‌ಗಳನ್ನು ಲಗತ್ತಿಸಿದ್ದೇವೆ. ನಿಮ್ಮ ಕ್ವಾಲಿಟಿ ವಿಭಾಗದ ಒಪ್ಪಿಗೆ ಈ ಮೇಲ್‌ಗೆ ಬಂದ ಕೂಡಲೇ ಗಾಡಿ ಹೊರಡುತ್ತದೆ.’ ಕ್ವಾಲಿಟಿ ಮುಖ್ಯಸ್ಥರಿಗೂ ಅದರ ಪ್ರತಿ ಹೋಗಲಿ. ಮಾಲನ್ನು ಗಾಡಿಗೆ ಏರಿಸಿ ಸಿದ್ಧ ಇಡಿ, ಆದರೆ ಉತ್ತರ ಬರುವವರೆಗೆ ಗೇಟ್ ಪಾಸ್‌ಗೆ ಸಹಿ ಹಾಕಬೇಡಿ.